ಬಾಲ ಕತ್ತರಿಸಿದ ಪಾಠಗಳು

"ಈ ಫೈಲನ್ನು ಯಾವುದರಲ್ಲಿ ತೆರೆಯಲಿ?" ಎಂದು ಕಂಪ್ಯೂಟರು ಮತ್ತೆ ಕೇಳಿತು.

"ಅದನ್ನ ನನ್ನ ಕೇಳಿದ್ರೆ? ನಿನ್ನ ಹೊಟ್ಟೇಲಿರೋದು ನಿನಗೇ ಗೊತ್ತಿಲ್ವಾ?" ಎಂದು ಕ್ಷೌರಿಕ ಅದನ್ನು ಗದರಿಸಿ, ತೋರಿಸಿದ ಪಟ್ಟಿಯಲ್ಲಿ ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತಿದ. ಪರದೆ ತುಂಬ ಚೌಕ, ಚುಕ್ಕಿ, ಪ್ರಶ್ನೆಚಿಹ್ನೆಗಳು ಗೂಡು ಕೆದಕಿದ ಇರುವೆಗಳ ಹಾಗೆ ಹರಡಿಕೊಂಡವು.

ಅಲ್ಲಿ ಇರಬೇಕಾದದ್ದು ಅವನ ಹೆಂಡತಿಯ ದನಿ. ಕಣ್ಣು ಕಾಣದ ಮಕ್ಕಳ ಶಾಲೆಗೆಂದು ಅವಳು ವರ್ಷವಿಡೀ ಈ ಮೇಜಿನ ಮುಂದೆ ಕೂತು ಪಾಠಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿಗೆ ತುಂಬಿಸಿದ್ದಳು. ಬೀದಿಯವರಿಗೆ ಅವಳ ಹೆಸರೇ 'ಓದೋ ಅಮ್ಮ'. ಪರೀಕ್ಷೆ ಹತ್ತಿರ ಬಂದಿತ್ತು. ಇವತ್ತು ಸಂಜೆ ಶಾಲೆಯ ಮೇಷ್ಟ್ರು ಬಂದು ಎಲ್ಲ ಪಾಠಗಳನ್ನೂ ಒಯ್ಯುವವರಿದ್ದರು. ಹಾಳಾದರೆ ಹಾಳಾಗಲಿ, ಇನ್ನೊಮ್ಮೆ ಓದಿದರಾಯಿತು ಅನ್ನೋಣ ಎಂದರೆ ಅದಕ್ಕೂ ದಾರಿಯಿಲ್ಲ. ಅವಳ ಗಂಟಲಿಗೆ ಮೊನ್ನೆಮೊನ್ನೆ ಆಪರೇಷನ್ ಆಗಿತ್ತು. ಪಿಸುಮಾತನ್ನೂ ಆಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ದನಿ ವಾಪಸು ಬರುತ್ತೆ, ಆದರೆ ಹಳೇ ದನಿಯೇ ಬರುತ್ತೆ ಅಂತ ನಾನು ಮಾತು ಕೊಡಲಾರೆ ಎಂದೂ ಹೇಳಿದ್ದರು.

ಅವನು ಮಾಡಿದ್ದು ಒಳ್ಳೆಯದಕ್ಕೇ. ಅವಳು ತಂಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗಿದ್ದಳು. ಕೆಳಗೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಮೇಷ್ಟ್ರು ಬರುವಷ್ಟರಲ್ಲಿ ಪಾಠಗಳನ್ನು ಒಪ್ಪವಾಗಿ ಜೋಡಿಸಿಡೋಣ ಅಂದುಕೊಂಡು ಮೇಲೆ ಬಂದು ಕೂತ. ನೋಡಿದರೆ, 'ಬೀಜ ಮೊಳೆಯುವುದು' ಎಂಬ ಚೆಂದದ ಹೆಸರಿನ ಕೊನೆಗೆ ಒಂದು ಚುಕ್ಕಿ, ಅದರ ಹಿಂದೆ ಇಂಗ್ಲಿಷಿನ ಪುಡಿ ಅಕ್ಷರಗಳು. 'ಮಳೆ ಹೇಗೆ ಬರುತ್ತದೆ', ಅದಕ್ಕೂ ಅದೇ ಬಾಲ. ಗಿರಾಕಿ ಬಾಗಿಲು ದಾಟಿದ ಮೇಲೂ ಅವನ ಕತ್ತಿನ ಹಿಂದೆ ಒಂದೆಳೆ ಕೂದಲು ಕಂಡರೆ "ಸ್ವಾಮೀ, ಒಂದ್ನಿಮಿಷ" ಎಂದು ಬೀದಿಯಲ್ಲೇ ಕತ್ತರಿ ಆಡಿಸುವ ಮನುಷ್ಯ ಇವನು. ಸುಮ್ಮನಿರುತ್ತಾನೆಯೇ? ಒಂದೊಂದಾಗಿ ಎಲ್ಲ ಹೆಸರುಗಳ ಬಾಲ ಅಳಿಸಿದ. ಹೀಗೆ ಮಾಡಿದರೆ ಫೈಲು ಕೆಲಸಕ್ಕೆ ಬಾರದೆ ಹೋಗಬಹುದು, ಮಾಡಲೇ ಎಂದು ಕಂಪ್ಯೂಟರು ಪಾಪ ಪ್ರತಿ ಸಲವೂ ಕೇಳಿತು. ಇವನು ಪ್ರತಿ ಸಲವೂ ಹೂಂ ಅಂದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಹೆಂಡತಿ ಒಳಗೆ ಬಂದವಳು ಗಂಡನ ಮುಖ ನೋಡಿದಳು, ಪರದೆ ನೋಡಿದಳು, ಚೀಲ ಕೆಳಗಿಟ್ಟಳು.

"ಬೈಬೇಡ ಕಣೇ. ಅಂದ್ರೆ, ಬೈಯೋಕೆ ನಿಂಗೆ ಆಗಲ್ಲ, ಗೊತ್ತು. ಕಣ್ಣಲ್ಲೂ ಬೈಬೇಡ," ಎಂದ ಅವನು. "ಸ್ವಲ್ಪ ಟ್ರಿಮ್ ಮಾಡ್ದೆ, ಅಷ್ಟೇ. ಎಲ್ಲಾ ಪಾಠಾನೂ ಹೋಯ್ತು ಅನ್ಸತ್ತೆ."

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ಬೆರಳಿನಲ್ಲಿ ತನ್ನ ಹಣೆ ತಟ್ಟಿ, ಅವನ ಹಣೆ ತಟ್ಟಿ, ಕೈಯನ್ನು ಬುಗುರಿಯ ಹಾಗೆ ಗಾಳಿಯಲ್ಲಿ ತಿರುಗಿಸಿದಳು. ಇದರ ಅರ್ಥ ಇಂಥದ್ದೇ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಯಿಬಿಟ್ಟು ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಅವನನ್ನು ಪಕ್ಕದ ಸ್ಟೂಲಿಗೆ ದಬ್ಬಿ ತಾನು ಕುರ್ಚಿಯಲ್ಲಿ ಕೂತಳು. 'ಬೀಜ ಮೊಳೆಯುವುದು' ಹೆಸರಿನ ಕೊನೆಗೆ ಚುಕ್ಕಿ ಇಟ್ಟು, ಕತ್ತರಿಸಿದ್ದ ಅಕ್ಷರಗಳನ್ನು ಮತ್ತೆ ಅಂಟಿಸಿದಳು. ಬಿಳಿ ಹಾಳೆಯಂತಿದ್ದ ಗುರುತು ಪಟಕ್ಕನೆ ಸಂಗೀತದ ಗುರುತಾಯಿತು. ಒತ್ತಿದಳು.

"ಬೀಜವು ಮೊದಲು ನೀರನ್ನು ಹೀರಿಕೊಂಡು ಉಬ್ಬುತ್ತದೆ," ಎಂದಿತು ಕಂಪ್ಯೂಟರು, ಅವಳ ದನಿಯಲ್ಲಿ.

ಕ್ಷೌರಿಕ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಆಪರೇಷನ್ ಆದಾಗಿನಿಂದ ಈ ಮನೆಯಲ್ಲಿ ಆ ದನಿ ಇರಲಿಲ್ಲ. ಇದ್ದಾಗ ಎಷ್ಟು ಸಲ ಸಾಕಪ್ಪಾ ಅನ್ನಿಸಿತ್ತು! ಈಗ ಬೀಜದ ಪಾಠವನ್ನು ಬಾಯಿ ಬಿಟ್ಟುಕೊಂಡು ಕೇಳಿದ. ಅವಳು ಮಾತ್ರ ತನ್ನ ದನಿಯನ್ನು ಹೆಚ್ಚು ಹೊತ್ತು ಕೇಳಲಾರದೆ ಬೇಗ ನಿಲ್ಲಿಸಿಬಿಟ್ಟಳು. ಆ ದನಿ ಇನ್ನು ತನ್ನದಲ್ಲವೇನೋ ಎಂಬ ಅಂಜಿಕೆ ಅವಳಿಗೆ. ಅದು ಅವನಿಗೆ ತಿಳಿಯದ್ದೇನಲ್ಲ.

"ಬರುತ್ತೆ ಕಣೇ," ಎಂದ. "ಒರಟಾಗಿ ಬಂದ್ರೂ ಬರಲಿ. ಬೈಯೋಕೆ ಅದೇ ಚೆನ್ನಾಗಿರತ್ತೆ."

ಅವಳು ಅವನ ತೊಡೆಗೊಂದು ಏಟು ಕೊಟ್ಟಳು.

ಆಮೇಲೆ ಇಬ್ಬರೂ ಕೂತು ಒಂದೊಂದೇ ಬಾಲ ಜೋಡಿಸತೊಡಗಿದರು. ಅವನು ಹೆಸರು ಓದಿ ಹೇಳುವುದು, ಅವಳು ಅಕ್ಷರ ಒತ್ತುವುದು. ದನಿಯ ಫೈಲಿಗೆ ಒಂದು ಬಾಲ, ಅವಳು ನೋಡಿ ಓದಲು ಇಟ್ಟುಕೊಂಡಿದ್ದ ಬರಹದ ಫೈಲಿಗೆ ಇನ್ನೊಂದು. ತಪ್ಪಿ ಅದಲುಬದಲಾದರೆ ಮತ್ತದೇ ಇರುವೆಗಳು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲವೂ ದಾರಿಗೆ ಬಂದವು, ಕಟ್ಟಕಡೆಯದೊಂದನ್ನು ಬಿಟ್ಟು. ಅದು ಎಲ್ಲಕ್ಕಿಂತ ದೊಡ್ಡ ಪಾಠ. ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ, ನೋವು ನುಂಗಿಕೊಂಡು ಓದಿ ಮುಗಿಸಿದ್ದಳು. ಯಾವ ಬಾಲ ಹಚ್ಚಿದರೂ ಅದು ತೆರೆಯಲೊಲ್ಲದು. ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು. "ಅಂಗಡಿ ಇದೆಯೋ ಇಲ್ವೋ?"

"ಹೋಗಿ ಬಂದೆ ಇರು," ಎಂದು ಅವನು ಎದ್ದ. ಎದ್ದವನು ಅಲ್ಲೇ ನಿಂತ. ಅವಳೇ ತಳ್ಳಿ ಕಳಿಸಿದಳು.

ಬಂದಿದ್ದವನು ಎದುರಿನ ಸೈಕಲ್ ಅಂಗಡಿಯವನು. ಅವನ ಕೆನ್ನೆಗೆ ನೊರೆ ಹಚ್ಚುತ್ತ ಕ್ಷೌರಿಕ ಆದದ್ದನ್ನೆಲ್ಲ ಹೇಳಿಕೊಂಡ. "ಅವಳ ಆ ಪಾಠ ಒಂದು ನನ್ನಿಂದ ಹೋಯ್ತಲ್ಲ," ಎಂದು ಕತ್ತಿ ಕೈಗೆತ್ತಿಕೊಂಡ. ಕಣ್ಣು ಮಾತ್ರ ಮಹಡಿಯ ಮೆಟ್ಟಿಲ ಕಡೆಗೇ ಇತ್ತು.

"ನಿಂಗೆ ಸಮಾಧಾನ ಆದ್ಮೇಲೇ ಬೋಳಿಸಪ್ಪ. ಕತ್ತು ನಂದು," ಎಂದ ಸೈಕಲ್ ಅಂಗಡಿಯವನು.

ಆಗ ಮೇಲಿನಿಂದ ಜೋರಾಗಿ ಕೇಳಿಸಿತು. "ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮ್ಗೆ?"

"ಅಯ್ಯೋ, ಮಾತಾಡ್ಬಿಟ್ಲು!" ಕ್ಷೌರಿಕ ಕತ್ತಿಯನ್ನು ಅಲ್ಲೇ ಇಟ್ಟು, ಗಿರಾಕಿಯನ್ನು ನೊರೆಯ ಸಮೇತ ಕುರ್ಚಿಯಲ್ಲೇ ಬಿಟ್ಟು, ಮೆಟ್ಟಿಲು ಹಾರಿಕೊಂಡು ಮೇಲೆ ಬಂದ. "ಡಾಕ್ಟ್ರು ಏನಂದಿದ್ರು? ಬುದ್ಧಿ ಇದೆಯಾ ನಿಂಗೆ?"

ಹೆಂಡತಿ ತುಟಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಕಣ್ಣು ನಗುತ್ತಿತ್ತು. ಒಂದು ಕೈಯಲ್ಲಿ ತನ್ನ ಫೋನು ಎತ್ತಿ ತೋರಿಸಿದಳು. ಆಸ್ಪತ್ರೆಗೆ ಸೇರಿದ ಆ ಬೆಳಿಗ್ಗೆ ಮೈಕು ಕೈಕೊಟ್ಟು ಫೋನಿನಲ್ಲೇ ಓದಿದ್ದು ಈಗ ನೆನಪಾಗಿತ್ತು. ಫೋನಿನ ಫೈಲಿಗೆ ಬೇರೆಯೇ ಬಾಲ. ಅದನ್ನು ಹಚ್ಚಿದ್ದೇ ತಡ, ಪಾಠ ತೆರೆದುಕೊಂಡಿತ್ತು.

ಅವಳು ಇನ್ನೊಮ್ಮೆ ಒತ್ತಿದಳು.

"ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮ್ಗೆ? ಓದೋವಾಗ ಆ ಕಿಟಕಿ ಹಾಕಿ ಅಂತ. ಬೀದಿ ಸದ್ದೆಲ್ಲ ಪಾಠದೊಳಗೇ ಬರ್ತಿದೆ."

"ಹಾಕ್ದೆ, ಹಾಕ್ದೆ," ಎಂದ ಅವನು. ಹೋಗಿ ಕಿಟಕಿಯ ಎರಡೂ ಬಾಗಿಲೆಳೆದು ಚಿಲಕ ಹಾಕಿದ. ವಾಪಸು ಬಂದು, ನೊರೆ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸದ್ದು ಮಾಡದೆ ಅವಳ ಪಕ್ಕದಲ್ಲಿ ಕೂತ. ಪಾಠ ಮುಂದುವರಿಯಿತು.