ಮೂವತ್ತನೇ ಹೆಸರು

ಕದಿರಯ್ಯ ಮೇಷ್ಟ್ರ ಬಲಗೈ ಉಗುರುಸಂದಿಯಲ್ಲಿ ಕೂತಿದ್ದ ಕೆರೆಯ ಕಪ್ಪುಮಣ್ಣನ್ನು ಮಹಾಲಕ್ಷ್ಮಮ್ಮ ತೆಂಗಿನಕಡ್ಡಿಯಿಂದ ಕೆದಕಿ ಕೆದಕಿ ತೆಗೆಯುತ್ತಿದ್ದಳು. ಹೆಣಕ್ಕೆ ನೀರು ಹಾಕಿ ಆಗಿತ್ತು. ಬಿಳಿ ಪಂಚೆ ಉಡಿಸಿ, ತಲೆಗೆ ವಸ್ತ್ರ ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿಯೂ ಆಗಿತ್ತು. ಹೊರಗೆ ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿಕೊಳ್ಳುತ್ತಿದ್ದರು. ಇವಳು ಮಾತ್ರ ಗಂಡನ ಕೈ ಬಿಡಲೊಲ್ಲಳು.

“ಸಾಕು ಬುಡವ್ವ,” ಎಂದಳು ಮಗಳು ಆಶಾರಾಣಿ. “ಮಣ್ಣಿಗೋಗೋ ಕೈಯಿ. ಎಷ್ಟ್ ತೆಗುದ್ರೂ ಅಷ್ಟೇಯ.”

“ಮೇಷ್ಟ್ರ ಕೈ ಇಂಗಿರಬಾರ್ದು ಕಣೇ. ಸುಮ್ಕಿರು.”

ಬುಕ್ಕಾಪಟ್ಟಣ ಹೋಬಳಿಯ ಹುಣಸೆಕಟ್ಟೆಯಲ್ಲಿ ಮೇಷ್ಟ್ರು ಅಂದರೆ ಕದಿರಯ್ಯನೇ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ಸಂಜೆ ಬಸ್ಸಿಗೆ ಶಿರಾಕ್ಕೆ ಹೋಗುವವರಿಗೆಲ್ಲ ‘ಸಾರು’ ಎನ್ನುತ್ತಿದ್ದರೇ ಹೊರತು ಮೇಷ್ಟ್ರು ಎನ್ನುತ್ತಿರಲಿಲ್ಲ. ಮೂವತ್ತೈದು ವರ್ಷ ಈತ ಕುರಿ ಕಾಯುವವರಿಗೆ, ಕಡಲೆಕಾಯಿ ಬಿಡಿಸುವವರಿಗೆ, ಕಲ್ಲು ಒಡೆಯುವವರಿಗೆ ಅಕ್ಷರ ಹೇಳಿಕೊಟ್ಟಿದ್ದ. ಸರ್ಕಾರದ ಲೆಕ್ಕದಲ್ಲಿ ಅದು ಅರೆಕಾಲಿಕ ಕೆಲಸ, ದಿನಕ್ಕೆ ಎರಡು ಗಂಟೆ. ಆ ಎರಡು ಗಂಟೆಗೆ ಜನ ಸೇರಿಸಲು ಮನೆಮನೆ ತಿರುಗುತ್ತಿದ್ದ ನಾಲ್ಕು ಗಂಟೆ ಯಾವ ಲೆಕ್ಕಕ್ಕೂ ಬರಲಿಲ್ಲ. ಕೊನೆಯ ಏಳು ವರ್ಷ ಹಗಲೆಲ್ಲ ಉದ್ಯೋಗ ಖಾತ್ರಿಯಲ್ಲಿ ಹಾರೆ ಹಿಡಿದ. ನಿನ್ನೆ ಮಧ್ಯಾಹ್ನ ಕೆರೆಯ ಹೂಳು ಹೊತ್ತು ಏರಿ ಹತ್ತಿ ಬಂದವನು, ಬಾಂಡ್ಲಿ ಪಕ್ಕಕ್ಕಿಟ್ಟು, ಜಾಲಿಮರದಡಿ ಕೂತ. ಕೂತವನು ಏಳಲಿಲ್ಲ.

ಶಾಲೆಯ ಕಡೆಯಿಂದ ಚಿಕ್ಕನರಸಯ್ಯ ಮುಖ ಸಣ್ಣದು ಮಾಡಿಕೊಂಡು ಬಂದ. ಈಗ ಪಂಚಾಯ್ತಿ ಮೆಂಬರು. ಕುರಿ ಕಾಯುತ್ತಿದ್ದವನು ಮೂವತ್ತೈದನೇ ವಯಸ್ಸಿನಲ್ಲಿ ಕದಿರಯ್ಯನ ಹತ್ತಿರವೇ ಸಹಿ ಹಾಕಲು ಕಲಿತಿದ್ದ. ಮೇಷ್ಟ್ರ ಗೌರವಕ್ಕೆ ಮಕ್ಕಳಿಗೆ ಅರ್ಧ ದಿನ ರಜ ಕೊಡಿಸುತ್ತೇನೆಂದು ಎದೆ ಉಬ್ಬಿಸಿಕೊಂಡು ಹೋಗಿದ್ದ.

“ಕೊಡಕ್ಕಾಗಲ್ವಂತೆ ಕಣಕ್ಕಾ. ಇಲಾಖೆ ಮೇಷ್ಟ್ರು ತೀರ್ಕಂಡ್ರೆ ಮಾತ್ರವಂತೆ. ಇವ್ರು ಇಲಾಖೆಗೆ ಸೇರ್ದೋರಲ್ವಂತೆ.”

“ಇನ್ಯಾವ್ದುಕ್ ಸೇರ್ದೋರಂತೆ?” ಎಂದಳು ಮಹಾಲಕ್ಷ್ಮಮ್ಮ, ಉಗುರಿನಿಂದ ಕಣ್ಣು ತೆಗೆಯದೆ.

ಶಾಲೆಯಿಂದ ಮಕ್ಕಳು ಮಗ್ಗಿ ಕೂಗುವುದು ಜೋರಾಗಿಯೇ ಕೇಳುತ್ತಿತ್ತು.

ಬಾಗಿಲ ಬಳಿ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಪಕ್ಕದವಳಿಗೆ ಹೇಳಿದಳು. ಮೆಲ್ಲಗೆ ಹೇಳಿದೆ ಎಂದುಕೊಂಡಳೇನೋ, ಸತ್ತವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು. “ಊರ್ಗೆಲ್ಲ ಅಕ್ಷರ ಹೇಳ್ಕೊಟ್ಟ ಪುಣ್ಯಾತ್ಮ, ಕಟ್ಕಂಡೋಳ್ಗೆ ಒಂದು ಸಯ್ನು ಕಲಿಸ್ಲಿಲ್ಲ ನೋಡು.”

ಆಶಾರಾಣಿ ಮುಖ ಆಚೆ ತಿರುಗಿಸಿದಳು. ಮಹಾಲಕ್ಷ್ಮಮ್ಮ ಕಿರುಬೆರಳಿನ ಉಗುರಿಗೆ ಕಡ್ಡಿ ಹಾಕಿದಳು.

*

ಅವಳು ಮದುವೆಯಾಗಿ ಬಂದ ವರ್ಷವೇ ಕದಿರಯ್ಯನಿಗೆ ವಯಸ್ಕರ ಶಿಕ್ಷಣದ ಕೇಂದ್ರ ಸಿಕ್ಕಿದ್ದು. ಮೂವತ್ತು ಸ್ಲೇಟು, ಒಂದು ಕಪ್ಪುಹಲಗೆ, ಒಂದು ಲಾಟೀನು. ಸೀಮೆಎಣ್ಣೆ ಮಾತ್ರ ಸ್ವಂತದ್ದು. ತಿಂಗಳಿಗೆ ನೂರು ರೂಪಾಯಿ. ಅದನ್ನು ಸಂಬಳ ಅನ್ನಬಾರದಂತೆ, ಗೌರವಧನ ಅನ್ನಬೇಕಂತೆ. ಧನ ಬರುವುದು ತಡವಾದರೆ ಗೌರವವನ್ನಾದರೂ ಇಟ್ಟುಕೊಳ್ಳಲಿ ಎಂದು ಆ ಹೆಸರಿಟ್ಟರೋ ಏನೋ.

ಷರತ್ತು ಒಂದಿತ್ತು. ಅಕ್ಷರ ಬಾರದವರ ಮೂವತ್ತು ಹೆಸರು ಪಟ್ಟಿಯಲ್ಲಿರಬೇಕು. ಒಂದು ಕಡಿಮೆಯಾದರೂ ಕೇಂದ್ರ ಪಕ್ಕದೂರಿಗೆ ಹೋಗುತ್ತದೆ. ಊರೆಲ್ಲ ಸುತ್ತಿ, ಕೈಕಾಲು ಹಿಡಿದು, ಕದಿರಯ್ಯ ಇಪ್ಪತ್ತೊಂಬತ್ತು ಹೊಂದಿಸಿದ.

“ಮೂವತ್ತನೇದು ನಿನ್ನ ಹೆಸ್ರು ಬರ್ಕಂಬ್ಲಾ?” ಎಂದು ಹೆಂಡತಿಯನ್ನು ಕೇಳಿದ.

ಪಾವಗಡದ ಕಡೆಯ ಹುಡುಗಿ, ತೌರಿನಲ್ಲಿ ತೆಲುಗು ಮಾತು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತನ್ನ ಹೆಸರು ಒಂದು ಪಟ್ಟಿಯಲ್ಲಿ ಬರುತ್ತದೆ ಎಂದು ಹಿಗ್ಗಿದಳು. ಕಲಿತದ್ದೂ ಎಲ್ಲರಿಗಿಂತ ಬೇಗ. ಮೂರು ತಿಂಗಳಿಗೆ ಗೊಬ್ಬರದ ಚೀಲದ ಮೇಲಿನದು, ಬೆಲ್ಲ ಕಟ್ಟಿಕೊಟ್ಟ ಪೇಪರಿನ ಮೇಲಿನದು, ಗೋಡೆಯ ಮೇಲಿನ ಓಟಿನ ಬರಹ, ಸಿಕ್ಕಿದ್ದನ್ನೆಲ್ಲ ಓದತೊಡಗಿದಳು.

ಪರೀಕ್ಷೆಯ ಹಿಂದಿನ ದಿನ ಕದಿರಯ್ಯ ಒಲೆಯ ಮುಂದೆ ಬಂದು ಕೂತ.

“ನಾಳೆ ನೀನು ಏನೂ ಬರೀಬ್ಯಾಡ ಕಣೇ ಲಕ್ಷ್ಮಿ.”

“ಯಾಕೆ? ನಂಗೆ ಬತ್ತದಲ್ಲ.”

“ಬತ್ತದೆ. ಅದ್ಕೇ ಏಳ್ತಿರೋದು. ಪಾಸಾದೋರ ಹೆಸ್ರು ಹೊಡ್ದಾಕ್ತಾರೆ. ಮುಂದಿನ ಸಲಕ್ಕೆ ಮತ್ತೆ ಮೂವತ್ತು ತೋರ್ಸಬೇಕು. ನಾನೆಲ್ಲಿಂದ ತರ್ಲಿ? ಒಂದೆರಡು ವರ್ಷ ತಡ್ಕೊ. ಪರ್ಮನೆಂಟ್ ಮಾಡ್ತಾರಂತೆ. ಆಮ್ಯಾಕೆ ನೀನೇ ಕಟ್ಟೆ ಮ್ಯಾಲೆ ಕೂತು ಊರ್ಗೆಲ್ಲ ಪೇಪರ್ ಓದು.”

ಮಾರನೆಯ ದಿನ ಅವಳು ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಎದ್ದು ಬಂದಳು.

ಆ ಒಂದೆರಡು ವರ್ಷ ಮುಗಿಯಲೇ ಇಲ್ಲ. ಯೋಜನೆಗಳು ಹೆಸರು ಬದಲಾಯಿಸಿಕೊಂಡು ಬಂದವು. ಕದಿರಯ್ಯ ಬೋಧಕನಾದ, ಸ್ವಯಂಸೇವಕನಾದ, ಪ್ರೇರಕನಾದ. ನೌಕರನೊಂದು ಆಗಲಿಲ್ಲ. ಪ್ರೇರಕನಾದಾಗ ಎರಡು ಸಾವಿರ ಅಂದರು. ಅದು ಎಂಟು ತಿಂಗಳಿಗೊಮ್ಮೆ ಮುಖ ತೋರಿಸುತ್ತಿತ್ತು. ನಡುವೆ ಶೌಚಾಲಯ ಎಣಿಸು, ರೇಷನ್ ಕಾರ್ಡು ಎಣಿಸು, ಮೀಟಿಂಗಿಗೆ ತುಮಕೂರಿಗೆ ಬಾ ಅನ್ನುವುದು ಬೇರೆ. ಬಸ್ ಚಾರ್ಜು ಇವನದೇ. ಕಾಯಂ ಮಾಡಿ ಎಂದು ಕೇಳಲು ಬೆಂಗಳೂರಿಗೆ ಹೋಗಿ, ನಾಲ್ಕು ದಿನ ಫುಟ್‌ಪಾತಿನಲ್ಲಿ ಮಲಗಿ, ಜ್ವರ ಹಿಡಿಸಿಕೊಂಡು ಬಂದ. ಪ್ರತಿ ಯೋಜನೆಗೂ ಹೊಸ ಸಮೀಕ್ಷೆ, ಹೊಸ ಪಟ್ಟಿ. ಪ್ರತಿ ಪಟ್ಟಿಯ ಕೊನೆಯಲ್ಲಿ ಮಹಾಲಕ್ಷ್ಮಮ್ಮ. ನಾಲ್ಕು ಪರೀಕ್ಷೆ ಬರೆದಳು, ನಾಲ್ಕರಲ್ಲೂ ಶ್ರದ್ಧೆಯಿಂದ ಫೇಲಾದಳು. ಅವನದು ಪಾಸು ಮಾಡಿಸುವ ಕೆಲಸ, ಅವಳದು ಫೇಲಾಗುವ ಕೆಲಸ. ಎರಡೂ ಸೇರಿ ಮನೆ ನಡೆಯಬೇಕು. ಅವಳದಕ್ಕೆ ಗೌರವವೂ ಇಲ್ಲ, ಧನವೂ ಇಲ್ಲ.

ತಪಾಸಣೆಗೆ ಬಂದ ಸಾಹೇಬನೊಬ್ಬ ಎಲ್ಲರ ಮುಂದೆ, “ಏನಯ್ಯಾ ಕದಿರಯ್ಯ, ನಿನ್ನ ಹೆಂಡತಿಯೇ ಶತದಡ್ಡಿಯಲ್ಲಯ್ಯ!” ಎಂದು ನಕ್ಕಿದ್ದ. ಕದಿರಯ್ಯನೂ ನಕ್ಕ. ಮನೆಗೆ ಬಂದು ಉಣ್ಣಲಿಲ್ಲ.

ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಿಕೊಂಡೇ ಪಕ್ಕದವರನ್ನು, “ಇದು ಬುಕ್ಕಾಪಟ್ಟಣಕ್ ಓಯ್ತದಾ ಯಪ್ಪಾ?” ಎಂದು ಕೇಳುವುದು ಅವಳಿಗೆ ರೂಢಿಯಾಯಿತು. ಅದೆಲ್ಲ ನುಂಗಿದಳು. ನುಂಗಲಾಗದ್ದು ಒಂದೇ. ಆಶಾರಾಣಿ ಐದನೇ ಕ್ಲಾಸಿನಲ್ಲಿದ್ದಾಗ ಮಾರ್ಕ್ಸ್ ಕಾರ್ಡಿಗೆ ಇವಳು ಹೆಬ್ಬೆಟ್ಟು ಒತ್ತಿಕೊಟ್ಟಳು. ಎಲ್ಲ ಹುಡುಗಿಯರೂ ನಗಾಡಿದರೆಂದು ಮಗು ಅಳುತ್ತಾ ಬಂತು. ಅಂದಿನಿಂದ ಕಾರ್ಡನ್ನು ಅಪ್ಪನ ಕೈಗೆ ಮಾತ್ರ ಕೊಟ್ಟಿತು. ನನಗೂ ಓದು ಬರುತ್ತದೆ ಎಂಬ ಮಾತು ಮಹಾಲಕ್ಷ್ಮಮ್ಮನ ನಾಲಿಗೆಯ ತುದಿಗೆ ಬಂತು. ಹೇಳೋಣವೆಂದರೆ ಮಕ್ಕಳ ಬಾಯಿ, ಹೊರಗೆ ಹೋದರೆ ಕೇಂದ್ರ ಹೋಯಿತು. ದೊಡ್ಡವಳಾದ ಮೇಲೆ ಹೇಳೋಣವೆಂದರೆ, ಇಷ್ಟು ವರ್ಷ ಸುಳ್ಳು ಆಡಿದೆ ಎಂದು ಯಾವ ಮುಖದಲ್ಲಿ ಹೇಳುವುದು? ಹಾಗೇ ಉಳಿಯಿತು.

ಕೊನೆಗೆ ಒಂದು ದಿನ ಪ್ರೇರಕರೂ ಬೇಡ ಎಂದು ಒಂದು ಸಾಲಿನ ಆದೇಶ ಬಂತು. ಆಮೇಲೆ ಬಂದ ಯೋಜನೆಯಲ್ಲಿ ಗೌರವಧನವೇ ಇಲ್ಲ, ಸೇವಾ ಮನೋಭಾವ ಇದ್ದವರು ಮಾತ್ರ ಬರಬಹುದಂತೆ. ಹಗಲೆಲ್ಲ ಮಣ್ಣು ಹೊತ್ತು ಬಂದ ಕದಿರಯ್ಯ ಅದಕ್ಕೂ ಹೆಸರು ಕೊಟ್ಟ.

“ಇನ್ನೂ ಬುದ್ಧಿ ಬರ್ಲಿಲ್ವಾ ನಿಮ್ಗೆ?” ಎಂದು ಸಿಡುಕಿದ್ದಳು.

“ಮೇಷ್ಟ್ರು ಅಂತಾರಲ್ಲ ಕಣೇ ಜನ,” ಎಂದಿದ್ದ.

*

ಹನ್ನೊಂದು ಗಂಟೆಗೆ ಪಂಚಾಯ್ತಿಯ ಬಿಲ್ ಕಲೆಕ್ಟರ್ ಲಕ್ಷ್ಮೀಪತಿ ಬೈಕಿನಲ್ಲಿ ಬಂದ. ಚಪ್ಪಲಿ ಹೊರಗೆ ಬಿಟ್ಟು, ಹೆಣಕ್ಕೆ ಕೈಮುಗಿದು, ಮಹಾಲಕ್ಷ್ಮಮ್ಮನ ಎದುರು ಕುಕ್ಕರಗಾಲಲ್ಲಿ ಕೂತ. ಕೆಟ್ಟವನಲ್ಲ.

“ಮಣ್ಣಾಗೋಕ್ ಮುಂಚೆ ಒಂದು ಅರ್ಜಿ ಆಗ್ಬೇಕಮ್ಮ. ಕೆಲ್ಸದ ಜಾಗದಲ್ಲಿ ಹೋದೋರಿಗೆ ಪರಿಹಾರ ಐತೆ. ಸಿಕ್ರೆ ನಿನ್ ಕಾಲಕ್ಕೆ ಆಧಾರ ಆಯ್ತದೆ. ಉದ್ಯೋಗ ಅಂತ ಒಂದು ಕಲಂ ಐತೆ ಇಲ್ಲಿ. ಕೂಲಿ ಅಂತ ಹಾಕ್ತೀನಿ.”

“ಮೇಷ್ಟ್ರು ಅಂತ ಹಾಕಿ,” ಎಂದಳು ಮಹಾಲಕ್ಷ್ಮಮ್ಮ.

“ಅಂಗಲ್ಲ ತಾಯೀ. ಮೇಷ್ಟ್ರು ಅಂದ್ರೆ ಆರ್ಡರ್ ಎಲ್ಲಿ, ಸಂಬಳದ ಚೀಟಿ ಎಲ್ಲಿ ಅಂತಾರೆ. ಅದಿಲ್ಲ. ಮೇಷ್ಟ್ರಿಗೆ ಕೆರೆ ಕೆಲ್ಸ ಯಾಕ್ ಕೊಟ್ರಿ ಅಂತ ನಮ್ಮನ್ನೂ ಹಿಡ್ಕಂತಾರೆ. ಎರಡು ಕಡೆಯಿಂದ್ಲೂ ಏಟು.”

“ಲೇ ಲಕ್ಷ್ಮೀಪತಿ, ನಂಗೆ ಸಯ್ನು ಕಲ್ಸಿದೋನು ಕೂಲಿಯೇನ್ಲಾ?” ಚಿಕ್ಕನರಸಯ್ಯ ಗದರಿದ.

“ಮೆಂಬ್ರು ನೀವೇ ಅಲ್ವಾ? ಮೇಷ್ಟ್ರು ಅಂತ ಬರ್ಕೊಡಿ, ಸೀಲು ಹಾಕಿ. ನಾನ್ ಬ್ಯಾಡ ಅಂತೀನಾ?”

ಚಿಕ್ಕನರಸಯ್ಯ ಹೆಗಲ ಮೇಲಿನ ಟವಲ್ಲು ಕೊಡವಿಕೊಂಡ. ಗುಣಿ ತೋಡುವುದು ಎಲ್ಲಿಗೆ ಬಂತೋ ನೋಡಿಕೊಂಡು ಬರುತ್ತೇನೆ ಎಂದು ಹೊರಟೇಬಿಟ್ಟ.

“ಕೂಲಿ ಅಂತ ಅವ್ರನ್ನ ಕಳಿಸಲ್ಲ ನಾನು,” ಎಂದಳು ಮಹಾಲಕ್ಷ್ಮಮ್ಮ. “ದುಡ್ಡು ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ. ಮೇಷ್ಟ್ರು ಅಂತ ಬರೆದ್ರೆ ಹೆಬ್ಬೆಟ್ಟು ಒತ್ತೀನಿ. ಇಲ್ದಿದ್ರೆ ಇಲ್ಲ.”

ಆಶಾರಾಣಿ ಎದ್ದು ಲಕ್ಷ್ಮೀಪತಿಯನ್ನು ಬೇವಿನಮರದ ಕಡೆ ಕರೆದೊಯ್ದಳು. ತಾಯಿಗೆ ಮಾತು ಕೇಳಿಸಲಿಲ್ಲ. ಮಗಳ ತುಟಿ ಆಡುವುದು, ಅವನು ಇತ್ತ ಒಮ್ಮೆ ನೋಡಿ ತಲೆಯಾಡಿಸುವುದು, ಬೈಕಿನ ಸೀಟಿನ ಮೇಲಿಟ್ಟು ಬರೆಯುವುದು, ಇಷ್ಟು ಕಂಡಿತು.

ಇಬ್ಬರೂ ಬಂದರು. ಆಶಾರಾಣಿ ಫಾರಂ ಹಿಡಿದು ತಾಯಿಯ ಪಕ್ಕದಲ್ಲಿ ಕೂತು, ಚಿಕ್ಕಮಕ್ಕಳಿಗೆ ಓದುವ ಹಾಗೆ ಬೆರಳಿಟ್ಟು ಓದಿದಳು. “ನೋಡವ್ವ. ಮೃತರ ಹೆಸ್ರು, ಕದಿರಯ್ಯ. ವಯಸ್ಸು, ಅರವತ್ತೆರಡು. ಉದ್ಯೋಗ, ಶಿಕ್ಷಕರು. ಮೇಷ್ಟ್ರು ಅಂತಾನೇ ಬರೆದವ್ರೆ. ಈಗ ಸಮಾಧಾನಾನಾ?”

ಮಗಳ ಬೆರಳಿನ ಪಕ್ಕದಲ್ಲಿ ಕೂಲಿ ಎಂದು ದುಂಡಗೆ ಬರೆದಿತ್ತು.

ಮಹಾಲಕ್ಷ್ಮಮ್ಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಮಗಳ ಕಾಲು ಕಣ್ಣಿಗೆ ಬಿತ್ತು. ದಿನವಿಡೀ ಗಾರ್ಮೆಂಟ್ಸಿನಲ್ಲಿ ಮೆಷಿನ್ ತುಳಿದು ಊದಿಕೊಂಡ ಕಾಲು. ನಾಳೆ ಅವ್ವನ ಹೊಟ್ಟೆಗೇನು ಎಂಬ ಯೋಚನೆಯಲ್ಲೇ ಇವಳು ಸುಳ್ಳು ಓದುತ್ತಿದ್ದಾಳೆ. ಅಪ್ಪನೂ ಅದೇ ಯೋಚನೆಯಲ್ಲಿ ತಾನೇ ಸುಳ್ಳು ಹೇಳಿಸಿದ್ದು? ಅಪ್ಪ, ಮಗಳು ಇಬ್ಬರಿಗೂ ತನ್ನ ಅಕ್ಷರವೇ ಅಡ್ಡ ಬರಬೇಕೇ ಎಂದು ಅವಳಿಗೆ ಅಳು ಬಂತು. ಬೆಳಿಗ್ಗೆಯಿಂದ ಬಾರದ ಅಳು.

“ನಂಗೆ ಓದಕ್ ಬತ್ತದೆ ಕಣೇ” ಎಂದುಬಿಟ್ಟರೆ ಮುಗಿಯಿತು. ಆದರೆ ಅಂಗಳದ ತುಂಬ ಜನ. ಓದು ಬರುವವಳ ಹೆಸರನ್ನು ಮೂವತ್ತೈದು ವರ್ಷ ಓದು ಬಾರದವರ ಪಟ್ಟಿಯಲ್ಲಿ ಬರೆದಿದ್ದ ಎಂದಾಗುತ್ತದೆ. ಇನ್ನೂ ಮಣ್ಣಿಗೆ ಹೋಗದ ಮನುಷ್ಯನನ್ನು ಕಳ್ಳ ಅಂದಾರು. ಕೂಲಿಗಿಂತ ಕಡೆ.

ಲಕ್ಷ್ಮೀಪತಿ ಸ್ಟಾಂಪ್ ಪ್ಯಾಡು ತೆರೆದು, ಅವಳ ಹೆಬ್ಬೆರಳನ್ನು ಅದಕ್ಕೆ ಒತ್ತಿಸಿ, ಫಾರಮ್ಮಿನ ಕೆಳಗಿನ ಚೌಕ ತೋರಿಸಿದ. “ಇದ್ರೊಳಗೆ ಒತ್ತಮ್ಮ.”

ಅವಳು ಬಗ್ಗಿದಳು. ಹೆಬ್ಬೆರಳನ್ನು ಚೌಕಕ್ಕೆ ಒಯ್ಯಲಿಲ್ಲ. ಕೂಲಿ ಅನ್ನುವುದರ ಮೇಲಿಟ್ಟು, ಎಡದಿಂದ ಬಲಕ್ಕೆ ಹೊರಳಿಸಿದಳು.

“ಅಯ್ಯಯ್ಯೋ! ಅಲ್ಲಲ್ಲಮ್ಮ, ಕೆಳಗೆ, ಕೆಳಗೆ!” ಲಕ್ಷ್ಮೀಪತಿ ಕಾಗದ ಕಿತ್ತುಕೊಂಡ. ಒದ್ದೆ ಬೆರಳಲ್ಲಿ ಉಜ್ಜಿದ. ನೀಲಿ ಇನ್ನಷ್ಟು ಹರಡಿತು. “ಮೇಷ್ಟ್ರ ಜೊತೆ ಇಷ್ಟು ವರ್ಷ ಬಾಳಿ ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಅಂತಾನೂ ಗೊತ್ತಾಗ್ಲಿಲ್ವೇನಮ್ಮ ನಿಂಗೆ?”

ಬಾಗಿಲ ಬಳಿಯ ಹೆಂಗಸರು ಲೊಚಗುಟ್ಟಿದರು. ಅವಳು ಏನೂ ಅರಿಯದವಳ ಹಾಗೆ ಹೆಬ್ಬೆರಳು ನೋಡಿಕೊಂಡಳು. ಮೂವತ್ತೈದು ವರ್ಷದ ಅಭ್ಯಾಸ.

“ಇನ್ನೊಂದೇ ಫಾರಂ ಐತೆ,” ಎಂದು ಗೊಣಗುತ್ತಾ ಲಕ್ಷ್ಮೀಪತಿ ಅದನ್ನೂ ತುಂಬಿ, ಅವಳ ಹೆಬ್ಬೆರಳಿಗೆ ಮತ್ತೆ ಶಾಯಿ ಹಚ್ಚಿಸಿ, ಫಾರಂ ಆಶಾರಾಣಿಯ ಕೈಗೆ ಕೊಟ್ಟ. “ಈ ಸಲ ನೀನೇ ಕೈ ಹಿಡ್ದು ಒತ್ಸು ತಂಗೀ.”

ಆಶಾರಾಣಿ ತಾಯಿಯ ಮಣಿಕಟ್ಟು ಹಿಡಿದು ಮತ್ತೆ ಓದತೊಡಗಿದಳು. “ಮೃತರ ಹೆಸ್ರು, ಕದಿರಯ್ಯ. ವಯಸ್ಸು...”

ಓದು ಅಲ್ಲಿಗೇ ನಿಂತಿತು. ಮಗಳು ಕಾಗದ ನೋಡುತ್ತಿಲ್ಲ, ತನ್ನ ಕಣ್ಣನ್ನೇ ನೋಡುತ್ತಿದ್ದಾಳೆ ಎಂದು ಮಹಾಲಕ್ಷ್ಮಮ್ಮನಿಗೆ ತಿಳಿಯಿತು. ಆದರೂ ಅವಳು ಕಾಗದದಿಂದ ಕಣ್ಣು ಕೀಳಲಿಲ್ಲ. ಹೆಸರು ಓದಿದಳು, ವಯಸ್ಸು ಓದಿದಳು, ಅಕ್ಷರದಿಂದ ಅಕ್ಷರಕ್ಕೆ ಸಾಲು ಹಿಡಿದು ಬಂದು ಉದ್ಯೋಗದ ಮುಂದೆ ನಿಂತಳು. ಮಣಿಕಟ್ಟು ಹಿಡಿದಿದ್ದ ಮಗಳ ಬೆರಳುಗಳು ಒಂದೊಂದಾಗಿ ಸಡಿಲವಾದವು.

ಮಹಾಲಕ್ಷ್ಮಮ್ಮ ಹೆಬ್ಬೆರಳನ್ನು ಅದೇ ಜಾಗಕ್ಕೆ ಇಟ್ಟು, ಕೂಲಿ ಅನ್ನುವುದರ ಒಂದು ಗೆರೆಯೂ ಕಾಣದ ಹಾಗೆ ಒತ್ತಿದಳು.