ನದಿಯಾದ ತೋಳು

“ನೀನು ನದಿ ಮಾಡಿದ್ದೀಯಲ್ಲ, ಅದು ನನ್ನ ಗಿರಾಕಿಯ ಕೋಟಿನ ತೋಳು ಕಣೇ,” ಎಂದಳು ಅಕ್ಕ.

ಅಕ್ಕ ದರ್ಜಿ. ಅವಳ ಅಂಗಡಿಯ ಚಿಂದಿ ಬುಟ್ಟಿಯೇ, ಚೂರುಪಾರು ಜೋಡಿಸಿ ನಾನು ಮಾಡುವ ಕೊಲಾಜ್ ಚಿತ್ರಗಳ ಬಂಡವಾಳ. ನನ್ನ ಮೊದಲ ಪ್ರದರ್ಶನದ ಬಾಗಿಲು ತೆರೆಯುವ ಹೊತ್ತಾಗಿತ್ತು. ಎದುರುಗೋಡೆಯ ದೊಡ್ಡ ಚಿತ್ರದಲ್ಲಿ ಹಳೆಯ ಬಸ್ ಟಿಕೆಟುಗಳ ಊರು, ಅದರ ನಡುವೆ ಆ ನೀಲಿ ನದಿ.

“ಬುಟ್ಟಿ ಪಕ್ಕದಲ್ಲೇ ಬಿದ್ದಿತ್ತಲ್ಲಕ್ಕಾ.”

“ಪಕ್ಕ ಅಂದ್ರೆ ಒಳಗಾ? ಗಿರಾಕಿ ಸಂಜೆ ಕೋಟು ತಗೊಳ್ಳೋಕೆ ಬರ್ತಾರೆ. ಆ ಬಟ್ಟೆ ಒಂದು ಗೇಣೂ ಉಳಿದಿಲ್ಲ. ಅಂಟು ಬಳಿದಿದ್ದೀಯಾ?”

“ಬಟ್ಟೆಗೆ ನಾನು ಯಾವತ್ತು ಅಂಟು ಹಾಕಿದ್ದೀನಿ? ಬರೀ ಕಚ್ಚಾ ಹೊಲಿಗೆ.”

“ಸದ್ಯ, ಬದುಕಿದೆ.”

ಕತ್ತರಿ ಅವಳ ಕೈಚೀಲದಲ್ಲೇ ಇತ್ತು. ಒಂದೊಂದೇ ಹೊಲಿಗೆ ಬಿಚ್ಚಿ ನದಿಯನ್ನು ಎತ್ತಿಕೊಂಡಳು. ಉಳಿದದ್ದು ಬೋಳು ರಟ್ಟು, ಸೂಜಿಯ ತೂತುಗಳು, ಅಲ್ಲಲ್ಲಿ ನೀಲಿ ದಾರದ ತುಣುಕು. ನನಗೆ ಅಳುವೇ ಬಂತು.

ಅಕ್ಕ ಹಿಂದೆ ಸರಿದು ನಿಂತು ನೋಡಿದಳು. “ಬೇಸಿಗೆ ಬಂತು ಅಂದ್ಕೋ. ಅಲ್ಲಲ್ಲಿ ಇನ್ನೂ ನೀರಿದೆ. ಮೊದಲಿಗಿಂತ ಚೆನ್ನಾಗಿದೆ.”

“ಹೊಗಳ್ತಿದ್ದೀಯೋ, ಸಮಾಧಾನ ಮಾಡ್ತಿದ್ದೀಯೋ?”

“ತೋಳು ಸಿಕ್ತಲ್ಲ, ಇನ್ನು ಸುಳ್ಳು ಯಾಕೆ ಹೇಳಲಿ?”

ನೋಡಿದೆ. ಅಕ್ಕ ಹೇಳಿದ್ದು ನಿಜವೇ. ನಗು ಬಂತು.

ಬಾಗಿಲು ತೆರೆಯಿತು. ಮೊದಲು ಒಳಬಂದ ಅಜ್ಜಿ ನೇರ ಆ ಚಿತ್ರದ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ಒಣನದಿಯತ್ತ ಬಗ್ಗಿದರು.