ಅರ್ಧಕ್ಕೆ ನಿಂತ ಗೆರೆ

ಮುದಕಪ್ಪ ಎತ್ತಿದ ಗುದ್ದಲಿಯನ್ನು ಮಲಕಾಜಪ್ಪ ಗಾಳಿಯಲ್ಲೇ ಹಿಡಿದು ಕಸಿದುಕೊಂಡ.

“ಬಾವಿ ಕಲ್ಲಿನ ಬಗಲಿಗೆ ಬ್ಯಾಡ ಅಂದ್ನೆಲ್ಲೋ. ಆಕಡಿ ಬದುವಿಗೆ ಅಗಿ.”

“ಹೆಣಾ ಬಂದು ಕುಂತೈತ್ರಿ ಸಾವ್ಕಾರ. ಇನ್ನ ಕುಣಿ ಮುಗಿಯೂದು ಯಾವಾಗ?”

“ಕಾಕಾ, ಅಪ್ಪನ ಕಡೀ ಮಾತು ಅದೊಂದ,” ಎಂದಳು ಗಂಗಾಂಬಿಕಾ. “ಬಾವಿ ಕಲ್ಲಿನ ಬಗಲಿಗೆ ಇಡ್ರಿ ಅಂದಾರ. ನೀವ್ಯಾಕ ಅಡ್ಡ ಬರ್ತೀರಿ?”

ಬೇವಿನ ನೆರಳಲ್ಲಿ ಅವಳಪ್ಪ ಅಂದಾನೆಪ್ಪನ ಹೆಣವನ್ನು ಕುರ್ಚಿಗೆ ಕಟ್ಟಿ ಕೂಡಿಸಿದ್ದರು. ಜಮಖಂಡಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವನು. ಜರೀಗಿಡಗಳಲ್ಲಿ ಮಯೂರಶಿಖಿಯೊಂದನ್ನೇ ಹಿಡಿದು ಬದುಕು ಸವೆಸಿದವನು. ಬಂಡೆಯ ಬಿರುಕಿನಲ್ಲಿ ಬೀಸಣಿಗೆಯಂತೆ ಬಿಚ್ಚುವ, ಒಣಗಿ ಸುರುಟಿದರೂ ನೀರು ಸೋಕಿದರೆ ಮತ್ತೆ ಹಸಿರಾಗುವ ಆ ಗಿಡದ ಎಲೆಯ ಬೆನ್ನಿಗೆ ಕಂದುಪುಡಿಯ ಗೆರೆ ತುದಿಯ ತನಕ ಇರುತ್ತದೆ. ಅವರ ಹೊಲದ ಬಾವಿಯಲ್ಲಿದ್ದುದರ ಗೆರೆ ಅರ್ಧಕ್ಕೇ ನಿಲ್ಲುತ್ತಿತ್ತು. ಇದು ಬೇರೆಯೇ ಪ್ರಭೇದ ಎಂದು ಅವನು ಪಂಡಿತರಿಗೆ ಬರೆದ. ಒಂದು ಒಣ ಎಲೆಯಿಂದ ತೀರ್ಮಾನವಾಗದು, ಬೇರುಸಹಿತ ಗಿಡ ಕಳಿಸಿ ಎಂದು ಅವರ ಉತ್ತರ ಬಂತು. ಅಷ್ಟರಲ್ಲಿ ಬಾವಿಯ ಆ ಬಂಡೆಯೇ ಸಿಡಿದುಹೋಗಿತ್ತು.

ಮಲಕಾಜಪ್ಪ ಸೋತ. ಆದರೆ ಗುದ್ದಲಿ ಬಿಟ್ಟುಕೊಡದೆ ಕಲ್ಲಿನ ಗುಡ್ಡೆಯ ಬಗಲಿಗೆ ತಾನೇ ಅಗಿಯತೊಡಗಿದ.

*

ಹನ್ನೆರಡು ವರ್ಷದ ಹಿಂದೆ, ಬಾವಿ ಅಗಲಿಸಲು ಸಿಡಿಮದ್ದು ತುಂಬಿದ ದಿನ, ಅಂದಾನೆಪ್ಪ ಒಳಗಿಳಿದು ಗಿಡವಿದ್ದ ಬಿರುಕಿನಲ್ಲಿ ಕೈಯಿಟ್ಟು ಕೂತಿದ್ದ.

“ಒಂದ ವಾರ ತಡಿ ತಮ್ಮಾ. ಪತ್ರ ಬರ್ಲಿ.”

“ಹುಲ್ಲಿನ ಸಲುವಾಗಿ ಕಬ್ಬು ಒಣಗಿಸ್ಲೇನು? ಕೈ ತಗಿ.”

“ತಗಿಯೂದಿಲ್ಲ.”

ಮಲಕಾಜಪ್ಪ ಕಬ್ಬಿಣದ ಹಾರೆ ಎತ್ತಿ ಅಣ್ಣನ ಬಲಗೈ ಮೇಲೆ ಕುಟ್ಟಿದ. ಎರಡು ಬೆರಳು ತುಂಡಾಗಿ ಬಂಡೆಯ ಮೇಲೆ ಉಳಿದವು. ಸಂಜೆಯೊಳಗೆ ಬಾವಿ ಸಿಡಿಯಿತು.

“ಕಲ್ಲು ಬಿತ್ತು,” ಎಂದು ಅಂದಾನೆಪ್ಪ ಹೆಂಡತಿ ಮಕ್ಕಳಿಗೆಲ್ಲ ಹೇಳಿದ. ಅಂದಿನಿಂದ ಅವನ ಹಣೆಯ ಮೂರೆಳೆ ವಿಭೂತಿ ಒಂದೇ ಎಳೆಯಾಯಿತು.

ಸಿಡಿದ ಕಲ್ಲಿನ ಗುಡ್ಡೆಯಲ್ಲಿ ಮಳೆಗಾಲಕ್ಕೊಮ್ಮೆ ಆ ಗಿಡ ತಲೆಯೆತ್ತುತ್ತಿತ್ತು. ಅದು ಅಣ್ಣನ ಕಣ್ಣಿಗೆ ಬಿದ್ದರೆ ಆ ದಿನವೂ ಮೇಲೇಳುತ್ತದೆಂದು ಹೆದರಿ ಮಲಕಾಜಪ್ಪ ಕುಡುಗೋಲಿನಿಂದ ಕೆತ್ತಿಹಾಕುತ್ತಿದ್ದ. ಈ ವರ್ಷ ಮಾತ್ರ ಮೊಣಕಾಲು ನೋವಿನಿಂದ ಹೊಲಕ್ಕೆ ಬಂದಿರಲಿಲ್ಲ.

*

ಕುಣಿಯ ಅಂಚಿನ ಕಲ್ಲೊಂದು ಉರುಳಿತು. ಅದರ ಸಂದಿನಲ್ಲಿ ಮುಷ್ಟಿ ಕಟ್ಟಿದಂತೆ ಒಣಗಿ ಸುರುಟಿದ ಗಿಡ. ಮಲಕಾಜಪ್ಪ ಗುದ್ದಲಿ ಎತ್ತಿದ.

“ಏನದು ಕಾಕಾ?”

“ಹುಲ್ಲು.”

ಎತ್ತಿದ ಗುದ್ದಲಿ ಬೀಳಲಿಲ್ಲ. ಆ ಕಲ್ಲಿಗೆ ಟವೆಲು ಮುಚ್ಚಿದ.

ಅಂದಾನೆಪ್ಪನನ್ನು ಕುಣಿಯೊಳಗೆ ಕೂಡಿಸಿದರು. ಎಡಗೈಗೆ ಲಿಂಗ ಬಂತು. ಅಯ್ಯನವರು ವಿಭೂತಿ ಮುಂದೆ ಹಿಡಿದರು.

“ಎಳಿ ಮಲಕಾಜಪ್ಪ.”

ಅವನು ಕುಣಿಯಲ್ಲೇ ನಿಂತು ಅಣ್ಣನ ಹಣೆಗೆ ಒಂದೇ ಬೆರಳಿನಿಂದ ಎಳೆದ.

“ಮೂರು ಬೆರಳು.”

“ನಾ ಉಳಿಸಿದ್ದು ಒಂದ ರೀ ಅಯ್ಯಾರ. ಅವತ್ತು ಕಲ್ಲು ಬಿದ್ದಿಲ್ಲ. ಹಾರೀಲೆ ನಾನ ಹೊಡದೆ.”

ಗಂಗಾಂಬಿಕಾ ಕುಣಿಗೆ ಧುಮುಕಿದಳು. ಕೈಗೆ ಸಿಕ್ಕ ಕಲ್ಲಿನಿಂದ ಅವನ ಬಾಯಿಗೆ ಬಡಿದಳು.

“ಹಬ್ಬಕ್ಕೊಮ್ಮೆ ಬಂದು ಅಪ್ಪನ ಅದ ಕೈಯಿಂದ ಹೋಳಿಗಿ ನೀಡಿಸ್ಕೊಂಡು ಉಂಡ್ಯಲ್ಲೋ.”

ಮತ್ತೆ ಬಡಿದಳು. ಮುದಕಪ್ಪ ಅವಳ ರಟ್ಟೆ ಹಿಡಿದ. ಮಲಕಾಜಪ್ಪ ತಡೆಯಲು ಕೈ ಎತ್ತಲಿಲ್ಲ. ಹಲ್ಲು ಉಗಿದು, ಟವೆಲು ಸರಿಸಿ, ಬೇರುಸಹಿತ ಗಿಡವನ್ನು ಅವಳ ಮುಂದೆ ಹಿಡಿದ.

“ಇನ್ನೂ ಬಡಿ, ಯವ್ವಾ. ಮೊದ್ಲ ಇದನ್ನ ಹಿಡಿ.”

ಕಲ್ಲು ಅವಳ ಕೈಯಿಂದ ಜಾರಿತು. ಮೇಲೆ ಬಂದು ತಂಬಿಗೆಯ ನೀರನ್ನು ಗಿಡಕ್ಕೆ ಹನಿಸುತ್ತ ಕೂತಳು. ಮಣ್ಣು ಬಿತ್ತು, ಗದ್ದುಗೆ ಏರಿತು, ಜನ ಒಬ್ಬೊಬ್ಬರೇ ಕರಗಿದರು. ಹೊತ್ತು ಇಳಿಯುವಾಗ ಗಿಡದ ಮುಷ್ಟಿಯಿಂದ ಒಂದೆಲೆ ಸಡಿಲಿ ಹಸಿರಾಯಿತು. ರಕ್ತ ಒಣಗಿದ ಉಗುರಿನಿಂದ ಅವಳು ಅದನ್ನು ಮೆಲ್ಲಗೆ ತಿರುವಿದಳು.

ಕಂದು ಗೆರೆ ಅರ್ಧಕ್ಕೆ ನಿಂತಿತ್ತು.